ದೇವಿಯ ಪೂಜೆಯೂ ಹೆಂಗಸಿನ ಪೌರಹಕ್ಕೂ

ದೇವಿಯನ್ನು ಆರಾಧಿಸುವ ಜನರಲ್ಲಿ ಸ್ತ್ರೀಯರ ಸ್ಥಾನವು ತಾನಾಗಿಯೇ ಉನ್ನತವಾಗಿರುವದೆಂದು ನಂಬುವವರು ನಮ್ಮ ಸುಶಿಕ್ಷಿತರಲ್ಲಿ ಕಡಿಮೆಯಿಲ್ಲ. ಸಭೆಗಳಲ್ಲಿ ಹೆಣ್ಣುಮಕ್ಕಳ ಹಕ್ಕಿನ ಮಾತು ಬಂದೊಡನೆ ಯಾರಾದರೊಬ್ಬ ಹಿರಿಯರು ಎದ್ದು ನಿಂತು, ಲಕ್ಷ್ಮಿ ಸರಸ್ವತಿ ದುರ್ಗೆಯರ ಹೆಸರು ಹೇಳಿ, ನಮ್ಮಲ್ಲಿ ಈ ಪ್ರಶ್ನೆಯೇ ಇಲ್ಲವೆಂದು ಸಾರಿ ಕುಳಿತುಕೊಳ್ಳುವರು. ಚಪ್ಪಾಳೆಯೂ ಬೀಳುವದು. ಈ ನಂಬಿಕೆಯು ನಿಜವೋ ಅಲ್ಲವೋ ಎಂಬದನ್ನು ನಮ್ಮ ದೇಶದ ಉದಾಹರಣೆಯಿಂದಲೇ ಪರೀಕ್ಷಿಸುವದು ಕಷ್ಟ. ನಮ್ಮ ದೇವಿಯರೂ ಹಳಬರು, ನಮ್ಮ ರೂಢಿಗಳೂ ಹಳೆಯವು; ಯಾವದು ಯಾವದಕ್ಕೆ ಕಾರಣವೆಂದು ಬಿಡಿಸಿ ಹೇಳುವದು ಪಂಡಿತರಿಗೂ ಆಗದ ಮಾತು. ಆದರೆ ಈಗ ಬದುಕಿರುವ ವೃದ್ಧರ ನೆನಪಿನ ಅವಧಿಯಲ್ಲಿಯೇ, ಕಾಗದಪತ್ರಗಳ ಸಾಕ್ಷಿಯಿರುವ ಕಾಲದಲ್ಲಿ, ದೇವಿಯನ್ನೇ ನಡುವೆ ಇಟ್ಟುಕೊಂಡು ಹುಟ್ಟಿದ ಧರ್ಮವೊಂದು ಪಶ್ಚಿಮದಲ್ಲಿದೆ. ಅದರ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆಗೆ ತಕ್ಕಮಟ್ಟಿನ ಉತ್ತರ ಸಿಕ್ಕುವದು.

ಇಂಗ್ಲಂಡದಲ್ಲಿಯೂ ಅಮೇರಿಕೆಯಲ್ಲಿಯೂ ತಮ್ಮನ್ನು ಪೇಗನರೆಂದು ಕರೆದುಕೊಳ್ಳುವ ಜನರು ಈಗ ಲಕ್ಷಗಟ್ಟಲೆ ಇರುವರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಹಳ್ಳಿಗನೆಂದು ಮೂಲಾರ್ಥ. ಕ್ರಿಸ್ತಮತವು ಹಬ್ಬಿದ ಮೇಲೆ ಹಳೆಯ ದೇವತೆಗಳನ್ನು ಬಿಡದವರನ್ನು ಹೀಯಾಳಿಸಲು ಪಾದ್ರಿಗಳು ಅದನ್ನು ಬಳಸಿದರು. ನಮ್ಮನ್ನೂ ಅವರು ಅದೇ ಹೆಸರಿನಿಂದ ಕರೆದದ್ದುಂಟು. ಹೀಯಾಳಿಕೆಯ ಆ ಮಾತನ್ನೇ ಇವರು ಬಿರುದಾಗಿ ಧರಿಸಿದ್ದಾರೆ. ಇವರಲ್ಲಿ ಪಂಗಡಗಳು ಅನೇಕ. ಅತಿ ಹೆಚ್ಚು ಹೆಸರಾದದ್ದು ವಿಕ್ಕಾ ಎಂಬದು. ಅದನ್ನು ಲೋಕದ ಮುಂದೆ ತಂದವನು ಜೆರಾಲ್ಡ್ ಗಾರ್ಡನರ್ (1884-1964) ಎಂಬ ಆಂಗ್ಲೇಯ. ಇವನು ಪ್ರಾಯದಲ್ಲಿ ಸಿಂಹಳದ ತೋಟಗಳಲ್ಲಿ ಕೆಲಸ ಮಾಡಿದವನು. ಅನಂತರ ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು, 1936ರಲ್ಲಿ ನಿವೃತ್ತನಾಗಿ ಸ್ವದೇಶಕ್ಕೆ ಮರಳಿದವನು. ಮಾಟಮಂತ್ರದ ವಿರುದ್ಧ 1735ರಲ್ಲಿ ಆದ ಕಾನೂನನ್ನು ಪಾರ್ಲಿಮೆಂಟು 1951ರಲ್ಲಿ ರದ್ದುಮಾಡಿತು. ಮೂರು ವರ್ಷಗಳ ತರುವಾಯ ಗಾರ್ಡನರನು ಪುಸ್ತಕವೊಂದನ್ನು ಪ್ರಕಟಿಸಿ, ಯುರೋಪಿನ ಪುರಾತನ ದೇವೀಧರ್ಮವು ಗುಪ್ತವಾಗಿ ಉಳಿದುಬಂದಿದೆಯೆಂದೂ ತಾನು ಅದರಲ್ಲಿ ದೀಕ್ಷೆ ಪಡೆದವನೆಂದೂ ಸಾರಿದನು. ಮಾಟಗಾತಿಯರೆಂದು ಸುಡಲ್ಪಟ್ಟವರೆಲ್ಲ ಈ ಧರ್ಮದವರೇ ಎಂಬದು ಮಾರ್ಗರೆಟ್ ಮರ್ರೀ ಎಂಬ ವಿದುಷಿಯು 1921ರಲ್ಲಿ ಮಂಡಿಸಿದ ವಾದ. ಇತಿಹಾಸಜ್ಞರು ಆ ವಾದವನ್ನು ಈಗ ಒಪ್ಪುವದಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ನರು 1999ರಲ್ಲಿ ಬರೆದ ಗ್ರಂಥದ ನಂತರ ವಿವೇಕಿಗಳಾದ ಪೇಗನರೂ ತಮ್ಮ ಧರ್ಮವು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ರಚನೆಯೆಂದು ಒಪ್ಪಿಕೊಳ್ಳುತ್ತಾರೆ. ಧರ್ಮವು ಹೊಸದಾದ ಮಾತ್ರಕ್ಕೆ ಹುಸಿಯಾಗುವದಿಲ್ಲ. ಆ ಚರ್ಚೆ ಇಲ್ಲಿ ಬೇಡ.

ಈ ಧರ್ಮದಲ್ಲಿ ಪೂಜೆಯ ವೃತ್ತದ ಮುಖ್ಯಸ್ಥಾನವು ಹೆಂಗಸಿನದು. ಪ್ರಧಾನ ಅರ್ಚಕಿಯ ಮೈಮೇಲೆ ದೇವಿಯು ಆವಾಹನೆಯಾಗುವಳೆಂದು ನಂಬಿಕೆ. ಶತಮಾನಗಟ್ಟಲೆ ಪುರೋಹಿತ ಪೀಠದ ಹತ್ತಿರಕ್ಕೂ ಹೆಂಗಸನ್ನು ಬಿಡದಿದ್ದ ಯುರೋಪಿನಲ್ಲಿ ಇದು ಸಾಮಾನ್ಯವಾದ ಸಂಗತಿಯಲ್ಲ. ಇಂಗ್ಲಂಡದ ರಾಜ್ಯಾಂಗ ಚರ್ಚು ತನ್ನ ಮೊದಲ ಸ್ತ್ರೀ ಪಾದ್ರಿಗಳಿಗೆ ದೀಕ್ಷೆ ಕೊಟ್ಟದ್ದು 1994ರಲ್ಲಿ. ವಿಕ್ಕಾದ ಕೂಟಗಳಲ್ಲಿ ಅದಕ್ಕೆ ನಾಲ್ವತ್ತು ವರ್ಷ ಮೊದಲೇ ಹೆಂಗಸರು ಪೂಜೆ ನಡೆಸುತ್ತಿದ್ದರು. ಆದರೆ ಮುಂದೆ ನಡೆದ ಕಥೆಯನ್ನು ನೋಡಬೇಕು.

ಗಾರ್ಡನರನ ಕೂಟದ ಪ್ರಧಾನ ಅರ್ಚಕಿಯಾಗಿದ್ದವಳು ಡೋರೀನ್ ವ್ಯಾಲಿಯೆಂಟ್ (1922-1999). ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಗೂಢಲಿಪಿಯನ್ನು ಬಿಡಿಸುತ್ತಿದ್ದ ಬ್ಲೆಚ್ಲೀ ಪಾರ್ಕಿನಲ್ಲಿ ಕೆಲಸ ಮಾಡಿದವಳು. ಸೂಕ್ಷ್ಮಬುದ್ಧಿಯವಳು, ಒಳ್ಳೆಯ ಕವಯಿತ್ರಿ. 1953ರಲ್ಲಿ ದೀಕ್ಷೆ ಪಡೆದು, ಗಾರ್ಡನರನ ಪೂಜಾಪುಸ್ತಕದಲ್ಲಿ ಬೇರೆ ಬೇರೆ ಕಡೆಯಿಂದ ಎತ್ತಿ ಸೇರಿಸಿದ ಭಾಗಗಳನ್ನು ಗುರುತಿಸಿ, ಅವನೆದುರಿಗೇ ಅದನ್ನು ಹೇಳಿ, ಅವುಗಳನ್ನು ತೆಗೆದು ಹೊಸದಾಗಿ ಬರೆದಳು. ಇಂದು ಜಗತ್ತಿನಾದ್ಯಂತ ವಿಕ್ಕಾದವರು ಹೇಳುವ ದೇವಿಯ ವಾಕ್ಯಗಳಲ್ಲಿ ಬಹುಭಾಗ ಅವಳ ಲೇಖನಿಯಿಂದ ಬಂದವು. ನಾಲ್ಕು ವರ್ಷಗಳಾಗುವಷ್ಟರಲ್ಲಿ ಗಾರ್ಡನರನ ಪ್ರಚಾರದ ಹುಚ್ಚು ಅವಳಿಗೂ ಬೇರೆ ಕೆಲವರಿಗೂ ಬೇಸರ ತಂದಿತು. ಕೂಟದ ಗುಟ್ಟುಗಳು ದಿನಪತ್ರಿಕೆಗಳಲ್ಲಿ ಬರುವದನ್ನು ನಿಲ್ಲಿಸಲು ಅವರು ಕೆಲವು ನಿಯಮಗಳನ್ನು ಬರೆದು ಕಳಿಸಿದರು. ಗಾರ್ಡನರನು ಅದಕ್ಕೆ ಉತ್ತರವಾಗಿ, ನಿಯಮಗಳು ಪುರಾತನ ಕಾಲದಿಂದ ಇದ್ದೇ ಇವೆಯೆಂದು ಹೇಳಿ, ಹಳೆಯ ಭಾಷೆಯಂತೆ ತೋರುವ ಒಂದು ಶಾಸನಮಾಲೆಯನ್ನು ಹೊರತೆಗೆದನು. ಅದರಲ್ಲಿ ಒಂದು ವಿಧಿಯ ತಾತ್ಪರ್ಯ ಹೀಗಿತ್ತು: ದೇವಿಯ ಪ್ರತಿನಿಧಿಗೆ ತಾರುಣ್ಯವು ಅವಶ್ಯ, ಆದುದರಿಂದ ಅರ್ಚಕಿಯು ವಯಸ್ಸಾದೊಡನೆ ತನಗಿಂತ ಚಿಕ್ಕವಳಿಗೆ ಸ್ಥಾನವನ್ನು ಬಿಟ್ಟುಕೊಟ್ಟು ಸೌಜನ್ಯದಿಂದ ಹಿಂದೆ ಸರಿಯಬೇಕು.

ಆ ವರ್ಷ, ಅಂದರೆ 1957ರಲ್ಲಿ, ಅರ್ಚಕಿಗೆ 35 ವರ್ಷ; ಶಾಸನವನ್ನು ತೋರಿಸಿದ ಆಚಾರ್ಯನಿಗೆ 73. ಪುರುಷನು ಎಂದು ಸರಿಯಬೇಕೆಂಬ ವಿಧಿ ಶಾಸನದಲ್ಲಿರಲಿಲ್ಲ.

ಈ ಪುರಾತನ ಶಾಸನವನ್ನು ಇಷ್ಟು ದಿನ ಏಕೆ ತೋರಿಸಲಿಲ್ಲವೆಂದು ವ್ಯಾಲಿಯೆಂಟಳು ಯೋಚಿಸಿದಳು. ಅದು ಹೊಸದಾಗಿ ಕಟ್ಟಿದ್ದೆಂಬ ನಿಶ್ಚಯಕ್ಕೆ ಬಂದಳು. ತನ್ನ ಸಂಗಡಿಗರೊಡನೆ ಕೂಟವನ್ನು ಬಿಟ್ಟು ಹೊರಬಿದ್ದಳು. ಧರ್ಮವನ್ನು ಮಾತ್ರ ಬಿಡಲಿಲ್ಲ. 1989ರಲ್ಲಿ ಬರೆದ ಪುಸ್ತಕದಲ್ಲಿ ಈ ಪ್ರಸಂಗವನ್ನೆಲ್ಲ ಕಹಿಯಿಲ್ಲದೆ ವಿವರಿಸಿದ್ದಾಳೆ. ಅವಳು ಕಡೆಗಾಲದಲ್ಲಿ ವಾಸಿಸಿದ ಬ್ರೈಟನ್ ನಗರದ ಮನೆಗೆ 2013ರಲ್ಲಿ ನೀಲಿ ಸ್ಮಾರಕಫಲಕವನ್ನು ಹಾಕಿದರು. ದೇವಿಯನ್ನು ಪೀಠದ ಮೇಲೆ ಕೂರಿಸಿ, ಅವಳ ಹೆಸರಿನಲ್ಲಿ ಮಾತನಾಡುವ ಅಧಿಕಾರವನ್ನು ಗಂಡಸು ತನ್ನ ಬಳಿ ಇಟ್ಟುಕೊಳ್ಳುವದು ಎಷ್ಟು ಸುಲಭವೆಂಬದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ನಮಗೆ ಬೇಕಿಲ್ಲ.

ಇನ್ನು ಮಾತೃತ್ವದ ವಿಷಯ. ರಾಬರ್ಟ್ ಗ್ರೇವ್ಸ್ ಎಂಬ ಕವಿಯು 1948ರಲ್ಲಿ ಪ್ರಕಟಿಸಿದ ಗ್ರಂಥವೊಂದರಿಂದ ಪೇಗನರು ತ್ರಿರೂಪಿಣಿಯಾದ ದೇವಿಯ ಕಲ್ಪನೆಯನ್ನು ತೆಗೆದುಕೊಂಡರು. ಬೆಳೆಯುವ ಚಂದ್ರನಂತೆ ಕನ್ಯೆ, ಪೂರ್ಣಚಂದ್ರನಂತೆ ಮಾತೆ, ಕ್ಷೀಣಚಂದ್ರನಂತೆ ವೃದ್ಧೆ: ಹೀಗೆ ಮೂರು ರೂಪ. ಕಲ್ಪನೆ ಸುಂದರವಾದದ್ದು, ಅನೇಕ ಹೆಂಗಸರಿಗೆ ಸಮಾಧಾನ ಕೊಟ್ಟದ್ದು. ಹಡೆಯುವದನ್ನು ಅಶೌಚವೆಂದೂ ಆದಿಪಾಪದ ದಂಡವೆಂದೂ ಕೇಳಿ ಬೆಳೆದವರಿಗೆ, ಅದೇ ದೇವಿಯ ಪೂರ್ಣರೂಪವೆಂದು ಕೇಳುವದು ಹೊಸ ಜನ್ಮದಂತೆ ಆಗಿರಬೇಕು. ಆದರೆ ಈ ಲೆಕ್ಕದಲ್ಲಿ ಹೆಂಗಸಿನ ಆಯುಷ್ಯವನ್ನೆಲ್ಲ ಅಳೆಯುವ ಕೋಲು ಗರ್ಭವೊಂದೇ. ಹಡೆಯುವ ಮೊದಲು, ಹಡೆಯುವಾಗ, ಹಡೆಯುವದು ನಿಂತ ಮೇಲೆ. ಮಕ್ಕಳಿಲ್ಲದವಳು ಯಾವ ಚಂದ್ರ? ಮಕ್ಕಳು ಬೇಡವೆಂದವಳು ಯಾವ ಚಂದ್ರ? ಪಂಚಾಂಗದಲ್ಲಿ ಅವಳಿಗೆ ತಿಥಿಯೇ ಇಲ್ಲ. ಪುರುಷದೇವನಿಗೆ ಇಂಥ ಅಳತೆಯನ್ನು ಯಾರೂ ಹಚ್ಚಲಿಲ್ಲ.

ಪೇಗನ್ ಹೆಂಗಸರೇ ಈ ಪ್ರಶ್ನೆಗಳನ್ನು ಎತ್ತಿದರು. ಅವರ ಮೆಚ್ಚತಕ್ಕ ಗುಣವಿದು. ಕೆಲವರು ಮಾತೆಗೂ ವೃದ್ಧೆಗೂ ನಡುವೆ ರಾಣಿಯೆಂಬ ನಾಲ್ಕನೆಯ ಅವಸ್ಥೆಯನ್ನು ಸೇರಿಸಿದರು. ಮಕ್ಕಳ ಹೊರೆ ಇಳಿದು, ಮುಪ್ಪು ಇನ್ನೂ ಬಾರದೆ, ಊರಿನ ಕೆಲಸಕ್ಕೆ ಕೈ ಬಿಡುವಾದ ವಯಸ್ಸದು. ಕೆಲವರು ಮಾತೃತ್ವವೆಂದರೆ ಹೊಸದೇನನ್ನಾದರೂ ಸೃಷ್ಟಿಸಿ ಸಾಕುವದೆಂದು ಅರ್ಥವನ್ನೇ ಹಿಗ್ಗಿಸಿದರು. ಐವತ್ತು ದಾಟಿದ ಹೆಂಗಸಿಗೆ ಗೆಳತಿಯರೆಲ್ಲ ಸೇರಿ ವೃದ್ಧೆಯ ಪಟ್ಟ ಕಟ್ಟುವ ವಿಧಿಯೊಂದು 1980ರ ನಂತರ ಅಮೇರಿಕೆಯಲ್ಲಿ ಬಳಕೆಗೆ ಬಂದಿತು. ಮುದುಕಿಯೆಂಬ ಮಾತೇ ಬೈಗುಳವಾದ ದೇಶದಲ್ಲಿ ಇದು ಧೈರ್ಯದ ಕೆಲಸ. ಶಿಶುವಿಗೆ ಹೆಸರಿಡುವ ಶಾಸ್ತ್ರವೂ ಅವರಲ್ಲಿ ಉಂಟು. ಅದರಲ್ಲಿ ದೇವತೆಗಳ ರಕ್ಷೆಯನ್ನು ಬೇಡುವರೇ ಹೊರತು ಮಗುವನ್ನು ಧರ್ಮಕ್ಕೆ ಸೇರಿಸುವದಿಲ್ಲ. ಬುದ್ಧಿ ತಿಳಿದ ಮೇಲೆ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಲೆಂದು ಬಿಡುವರು. ತಾಯಿಯ ಅಧಿಕಾರಕ್ಕೆ ಅವರೇ ಹಾಕಿಕೊಂಡ ಈ ಎಲ್ಲೆಯನ್ನು ಬೇರೆ ಮತದವರೂ ಗಮನಿಸಬಹುದು.

ಮಾತೃತ್ವದ ಮಹಿಮೆಯನ್ನು ಬಾಯಿಮಾತಾಗಿಸದೆ ಬದುಕಿದವಳೆಂದು ನಾವು ಮೋನಿಕಾ ಶ್ಯೋ (1938-2005) ಎಂಬ ಚಿತ್ರಕಾರ್ತಿಯನ್ನು ಹೆಸರಿಸಬಹುದು. ಸ್ವೀಡನ್ ದೇಶದವಳು, ಇಂಗ್ಲಂಡದ ಬ್ರಿಸ್ಟಲಿನಲ್ಲಿ ನೆಲೆಸಿದ್ದಳು. 1961ರಲ್ಲಿ ಮನೆಯಲ್ಲಿಯೇ ಎರಡನೆಯ ಮಗನನ್ನು ಹಡೆದಾಗ ಅವಳಿಗಾದ ಅನುಭವವು ಅವಳ ಧರ್ಮದ ಮೂಲವಾಯಿತು. 1968ರಲ್ಲಿ ಅವಳು ಪ್ರಸವಿಸುತ್ತಿರುವ ಪರದೈವದ ದೊಡ್ಡ ಚಿತ್ರವನ್ನು ಬರೆದಳು. 1973ರಲ್ಲಿ ಲಂಡನ್ನಿನ ಒಂದು ವಾಚನಾಲಯದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಅಶ್ಲೀಲವೆಂದೂ ದೇವನಿಂದೆಯೆಂದೂ ಪೋಲೀಸರವರೆಗೆ ದೂರು ಹೋಯಿತು. ದೇವರು ಕೊಂದ ಚಿತ್ರಗಳು ಚರ್ಚಿನ ಗೋಡೆಗಳ ಮೇಲೆ ಎಷ್ಟೋ ಇವೆ, ಅವುಗಳ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ. ಶ್ಯೋ ಕುಂಚವನ್ನು ಹಿಡಿದು ಸುಮ್ಮನೆ ಕುಳಿತವಳಲ್ಲ. ಬ್ರಿಸ್ಟಲಿನ ಸ್ತ್ರೀಯರ ಚಳವಳಿಯಲ್ಲಿ ಮೊದಲಿನಿಂದ ದುಡಿದವಳು. ಹೆಂಗಸು ತಾಯಿಯಾಗುವದು ಅವಳ ಇಚ್ಛೆಯಿಂದಲೇ ಆಗತಕ್ಕದ್ದೆಂದು ವಾದಿಸಿದವಳು. 1985ರಲ್ಲಿ ಅವಳ ಕಿರಿಯ ಮಗನು ಮೋಟಾರು ಅಪಘಾತದಲ್ಲಿ ತೀರಿಹೋದನು. 1987ರಲ್ಲಿ ಹಿರಿಯ ಮಗನು ಅರ್ಬುದರೋಗದಿಂದ ಹೋದನು. ರೋಗವು ರೋಗಿಯ ಮನಸ್ಸಿನ ತಪ್ಪಿನಿಂದಲೇ ಬರುವದೆಂದು ಆ ಕಾಲದ ಹೊಸ ಆಧ್ಯಾತ್ಮಿಕರು ಬೋಧಿಸುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿಯು ಅವರ ವಿರುದ್ಧ ಪುಸ್ತಕವನ್ನೇ ಬರೆದಳು. ದೇವಿಯ ಭಕ್ತಿಯು ಅವಳಿಗೆ ವಿವೇಕವನ್ನು ಕೆಡಿಸುವ ಮದ್ದಾಗಲಿಲ್ಲ.

ಅಟ್ಲಾಂಟಿಕದ ಆಚೆಯ ಕಥೆಯು ಬೇರೆ ಬಗೆಯದು. ಅಲ್ಲಿ ದೇವಿಯ ಪೂಜೆಯು ರಾಜಕಾರಣದ ಬಾಗಿಲಿನಿಂದ ಬಂದಿತು. ಹಂಗೇರಿಯ ಕ್ರಾಂತಿಯು 1956ರಲ್ಲಿ ಮುರಿದುಬಿದ್ದಾಗ ದೇಶ ಬಿಟ್ಟು ಓಡಿಬಂದ ಝುಝಾನಾ ಬುಡಾಪೆಸ್ಟ್ ಎಂಬವಳು 1971ರ ಉತ್ತರಾಯಣದ ದಿನ ಲಾಸ್ ಎಂಜಲೀಸಿನಲ್ಲಿ ಹೆಂಗಸರದ್ದೇ ಆದ ಕೂಟವೊಂದನ್ನು ಸ್ಥಾಪಿಸಿದಳು. ಅದಕ್ಕೆ ಅವಳು ಇಟ್ಟ ಹೆಸರು ಯಾವ ದೇವಿಯದೂ ಅಲ್ಲ: ಸೂಸನ್ ಬಿ. ಆಂಥನಿಯದು. ಈ ಆಂಥನಿ ಯಾರೆಂಬದನ್ನು ವಾಚಕರು ಬಲ್ಲರು. 1872ರಲ್ಲಿ ರಾಚೆಸ್ಟರ್ ನಗರದಲ್ಲಿ ಕಾನೂನನ್ನು ಮೀರಿ ಮತ ಹಾಕಿ ಸೆರೆಯಾದವಳು; ನ್ಯಾಯಾಧೀಶನು ವಿಧಿಸಿದ 100 ಡಾಲರ್ ದಂಡವನ್ನು ಸಾಯುವವರೆಗೂ ಕೊಡದೆ ಹೋದವಳು. ಅವಳು ಮದುವೆಯಾಗಲಿಲ್ಲ, ಹಡೆಯಲಿಲ್ಲ. ಅವಳ ಸಹಕಾರಿಣಿ ಎಲಿಜಬೆತ್ ಕೇಡಿ ಸ್ಟಾಂಟನ್ನಳು ಏಳು ಮಕ್ಕಳ ತಾಯಿ. ಸ್ಟಾಂಟನ್ನಳು ಮೇಜಿನ ಮುಂದೆ ಕುಳಿತು ಭಾಷಣ ಬರೆಯುವಾಗ ಆಂಥನಿಯು ಅವಳ ಕೂಸುಗಳನ್ನು ಆಡಿಸಿ ಒಲೆಯ ಮೇಲಿನದನ್ನು ನೋಡಿಕೊಳ್ಳುತ್ತಿದ್ದಳು. ಬರೆದು ಮುಗಿದ ಭಾಷಣವನ್ನು ಹೊತ್ತು ಊರೂರಿಗೆ ಹೋಗಿ ಹೇಳಿಬರುತ್ತಿದ್ದಳು. ಹಡೆದವಳಿಗೂ ಹಡೆಯದವಳಿಗೂ ನಡುವೆ ಕೆಲಸವು ಹಂಚಿಹೋದದ್ದರಿಂದಲೇ ಆ ಚಳವಳಿ ನಡೆಯಿತು. ಗರ್ಭದ ಲೆಕ್ಕದಿಂದ ಹೆಂಗಸನ್ನು ಅಳೆಯುವ ಧರ್ಮದವರಿಗೆ ಈ ಜೋಡಿಯ ಕಥೆಯು ಮೂರು ಚಂದ್ರರಿಗಿಂತ ಹೆಚ್ಚಿನದನ್ನು ಹೇಳುವದು.

ಇವರ ಮೂರನೆಯ ಸಂಗಾತಿ ಮಟಿಲ್ಡಾ ಜಾಸ್ಲಿನ್ ಗೇಜಳು 1893ರಲ್ಲಿ ಸ್ತ್ರೀಯನ್ನೂ ಚರ್ಚನ್ನೂ ರಾಜ್ಯವನ್ನೂ ಕುರಿತು ಗ್ರಂಥ ಬರೆದು, ಮಾಟಗಾತಿಯೆಂದು ಕೊಲ್ಲಲ್ಪಟ್ಟವಳು ತನ್ನ ಕಾಲದ ಜ್ಞಾನಿಯಾಗಿದ್ದಳೆಂದು ಸಾರಿದಳು. ಪೇಗನ್ ಹೆಂಗಸರಿಗೆ ಮಾಟಗಾತಿಯು ಗೌರವದ ಹೆಸರಾದದ್ದರ ಬೇರು ಇಲ್ಲಿಯೂ ಇದೆ. ಆದರೆ ಕೊಂದವರ ಸಂಖ್ಯೆ ತೊಂಬತ್ತು ಲಕ್ಷವೆಂದು ಗೇಜಳು ಎತ್ತಿಕೊಂಡ ಅಂಕಿಯು ತಪ್ಪು. ಈಗಿನ ಇತಿಹಾಸಜ್ಞರ ಲೆಕ್ಕವು 40,000ದಿಂದ 60,000ದವರೆಗೆ. ಅವರಲ್ಲಿ ಗಂಡಸರೂ ಇದ್ದರು. ಬಹುಕಾಲ ಆ ತಪ್ಪು ಸಂಖ್ಯೆಯು ಪೇಗನ್ ಸಾಹಿತ್ಯದಲ್ಲಿ ಓಡಾಡಿತು. ಐವತ್ತು ಸಾವಿರ ಜನರನ್ನು ಕೊಂದದ್ದು ಸಾಲದೆಂಬಂತೆ ಸತ್ತವರ ಸಂಖ್ಯೆಯನ್ನು ಉಬ್ಬಿಸುವದರಿಂದ ಯಾವ ಪಕ್ಷಕ್ಕೂ ಬಲ ಬರುವದಿಲ್ಲ.

ಬುಡಾಪೆಸ್ಟಳು 1975ರಲ್ಲಿ, ವೇಷ ಮರೆಸಿ ಬಂದ ಪೋಲೀಸ್ ಹೆಂಗಸಿಗೆ ಎಲೆಗಳನ್ನು ಹಾಸಿ ಭವಿಷ್ಯ ಹೇಳಿದ ತಪ್ಪಿಗೆ ಸೆರೆಯಾಗಿ ದಂಡ ತೆತ್ತಳು. ಭವಿಷ್ಯ ಹೇಳುವದನ್ನು ನಿಷೇಧಿಸುವ ನಗರ ಕಾನೂನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಕ್ಯಾಲಿಫೋರ್ನಿಯದ ವರಿಷ್ಠ ನ್ಯಾಯಾಲಯವು 1985ರಲ್ಲಿ ಬೇರೊಂದು ಖಟ್ಲೆಯಲ್ಲಿ ತೀರ್ಮಾನಿಸಿತು. ಹೀಗೆ ಹೊರಗಿನವರೊಡನೆ ಹೋರಾಡಿದವಳ ಬಾಗಿಲ ಮುಂದೆಯೇ ಕಾಲಾನಂತರದಲ್ಲಿ ಧರಣಿ ಕುಳಿತರು. 2012ರಲ್ಲಿ ಸ್ಯಾನ್ ಹೊಸೆ ನಗರದ ಪೇಗನ್ ಸಮ್ಮೇಳನದಲ್ಲಿ ಅವಳು, ಹುಟ್ಟಿನಿಂದ ಹೆಣ್ಣಾದವರಿಗೆ ಮಾತ್ರ ತನ್ನ ಪೂಜೆಯಲ್ಲಿ ಪ್ರವೇಶವೆಂದು ಕಟ್ಟುಮಾಡಿದಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರನ್ನು ಹೊರಗಿಡುವದು ಅನ್ಯಾಯವೆಂದು ಭಾವಿಸಿದವರು ಕೋಣೆಯ ಹೊರಗೆ ಮೌನವಾಗಿ ಕುಳಿತರು. ಹೆಣ್ಣೆಂದರೆ ಯಾರು ಎಂಬ ಪ್ರಶ್ನೆಗೆ ಗರ್ಭವನ್ನೇ ಉತ್ತರವಾಗಿಟ್ಟುಕೊಂಡ ಮೇಲೆ ಈ ಜಗಳವು ಬಾರದೆ ಇರುತ್ತಿರಲಿಲ್ಲ.

ಗುರುವು ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವದು ಯಾವ ಧರ್ಮದಲ್ಲಿಯೂ ಅಪರೂಪ. ಸ್ಟಾರ್‌ಹಾಕ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಸ್ಯಾನ್ ಫ್ರಾನ್ಸಿಸ್ಕೋದ ಲೇಖಕಿಯು ಅದನ್ನು ಮಾಡಿದಳು. 1979ರ ಅಕ್ಟೋಬರ್ 31ರಂದು ಅವಳ ಮೊದಲ ಗ್ರಂಥವು ಪ್ರಕಟವಾಯಿತು. ಅಮೇರಿಕೆಯ ರೇಡಿಯೋ ಪತ್ರಕರ್ತೆ ಮಾರ್ಗೊ ಆಡ್ಲರಳು ಪೇಗನರನ್ನು ಕುರಿತು ಬರೆದ ಮೊದಲ ವಿಸ್ತಾರವಾದ ಗ್ರಂಥವೂ ಅದೇ ದಿನ ಹೊರಬಿದ್ದಿತು. ಪ್ರಕೃತಿಯ ಶಕ್ತಿಯೆಲ್ಲ ಸ್ತ್ರೀ-ಪುರುಷ ಎಂಬ ಎರಡು ತುದಿಗಳ ನಡುವೆ ಹರಿಯುವದೆಂದು ಸ್ಟಾರ್‌ಹಾಕಳು ಆಗ ಬರೆದಿದ್ದಳು. ಹತ್ತು ವರ್ಷಗಳ ನಂತರ, 1989ರ ಆವೃತ್ತಿಯಲ್ಲಿ, ಹಳೆಯ ಮಾತನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಟಿಪ್ಪಣಿ ಹಾಕಿ, ತನ್ನ ಅಭಿಪ್ರಾಯವು ಬದಲಾಗಿದೆಯೆಂದು ತಿಳಿಸಿದಳು: ಕೆಲವು ಗುಣಗಳನ್ನು ಹೆಣ್ಣಿನವೆಂದೂ ಕೆಲವನ್ನು ಗಂಡಿನವೆಂದೂ ಹಂಚಿಕೊಟ್ಟರೆ ಹಳೆಯ ಸಂಕೋಲೆಯನ್ನೇ ಹೂವಿನಿಂದ ಸಿಂಗರಿಸಿದಂತಾಗುವದೆಂಬದು ಅವಳ ಹೊಸ ವಿಚಾರದ ಸಾರಾಂಶ. ಅವಳೂ ಸಂಗಡಿಗರೂ ಕಟ್ಟಿದ ರಿಕ್ಲೇಮಿಂಗ್ ಪಂಥವು 1997ರಲ್ಲಿ ಒಪ್ಪಿದ ತತ್ವಪತ್ರದಲ್ಲಿ ದೇವಿಯನ್ನೂ ದೇವನನ್ನೂ ಹೇಳಿದ್ದ ವಾಕ್ಯವನ್ನು 2012ರಲ್ಲಿ ತಿದ್ದಿ, ಬಗೆಬಗೆಯ ಲಿಂಗಗಳ ಅನೇಕ ದೇವತೆಗಳೆಂದು ಬರೆದುಕೊಂಡಿತು. ಈ ಪಂಥದವರಿಗೆ ಪೂಜೆಯೂ ಪೌರಕಾರ್ಯವೂ ಒಂದೇ. 1981ರಲ್ಲಿ ಡಯಾಬ್ಲೋ ಕಣಿವೆಯ ಅಣುವಿದ್ಯುತ್ ಕೇಂದ್ರದ ಬಾಗಿಲಲ್ಲಿ ನಡೆದ ಸತ್ಯಾಗ್ರಹದಲ್ಲಿ ಸ್ಟಾರ್‌ಹಾಕಳು ಸೆರೆಯಾದಳು. ಸೆರೆಮನೆಯನ್ನು ಸಾಧನೆಯ ಸ್ಥಳವಾಗಿ ಮಾಡುವ ವಿದ್ಯೆಯು ನಮ್ಮವರಿಗೆ ಹೊಸದಲ್ಲ.

ಪೇಗನ್ ಹೆಂಗಸರು ಪೌರಜೀವನದ ನಡುವಿಗೆ ಬಂದದ್ದು ಮಾತ್ರ ಇಂಥ ಚಳವಳಿಗಳಿಗಿಂತ ಹೆಚ್ಚಾಗಿ ಕಚೇರಿಗಳ ಮೆಟ್ಟಿಲು ಹತ್ತಿದ್ದರಿಂದ. ವರ್ಜಿನಿಯಾ ಸಂಸ್ಥಾನದ ಚೆಸ್ಟರ್‌ಫೀಲ್ಡ್ ಜಿಲ್ಲೆಯ ಆಡಳಿತ ಮಂಡಲಿಯ ಸಭೆಗಳು ಯಾವದಾದರೊಂದು ಮತದ ಪುರೋಹಿತರ ಪ್ರಾರ್ಥನೆಯಿಂದ ಆರಂಭವಾಗುವದು ಆಗ ವಾಡಿಕೆಯಾಗಿದ್ದಿತು. ಸಿಂಥಿಯಾ ಸಿಂಪ್ಸನ್ ಎಂಬ ವಿಕ್ಕಾ ಅರ್ಚಕಿಯು 2002ರಲ್ಲಿ ತನ್ನ ಹೆಸರನ್ನೂ ಯಾದಿಯಲ್ಲಿ ಸೇರಿಸಬೇಕೆಂದು ಅರ್ಜಿ ಹಾಕಿದಳು. ಪ್ರಾರ್ಥನೆಯು ಯೆಹೂದಿ-ಕ್ರೈಸ್ತ ಸಂಪ್ರದಾಯದ ದೇವರಿಗೆ ಸಲ್ಲತಕ್ಕದ್ದೆಂದು ಜಿಲ್ಲೆಯ ವಕೀಲರು ಉತ್ತರ ಕೊಟ್ಟರು. 2003ರಲ್ಲಿ ಕೆಳಗಿನ ನ್ಯಾಯಾಲಯವು ಅವಳ ಕಡೆಗೆ ತೀರ್ಪು ಕೊಟ್ಟಿತು. 2005ರಲ್ಲಿ ಅಪೀಲು ನ್ಯಾಯಾಲಯವು ಅದನ್ನು ತಿರುಗಿಸಿತು. ದೇಶದ ವರಿಷ್ಠ ನ್ಯಾಯಾಲಯವು ವಿಷಯವನ್ನು ಕೈಗೆತ್ತಿಕೊಳ್ಳಲಿಲ್ಲ. ಅವಳು ಸೋತಳು. ಅದೇ 2005ರಲ್ಲಿ ಇಂಡಿಯಾನಾ ಸಂಸ್ಥಾನದ ಬೇರೊಂದು ಖಟ್ಲೆ ತಾಯಿತಂದೆಗಳ ಹಕ್ಕಿನದು. ವಿವಾಹ ವಿಚ್ಛೇದನ ಪಡೆದ ದಂಪತಿಗಳಿಬ್ಬರೂ ವಿಕ್ಕಾದವರು. ಅವರ ನಡುವೆ ಮಗುವಿನ ಧರ್ಮದ ಬಗ್ಗೆ ತಂಟೆಯೇ ಇರಲಿಲ್ಲ. ಆದರೂ ಕೆಳಗಿನ ನ್ಯಾಯಾಧೀಶರು, ಜನರೂಢಿಗೆ ಹೊರತಾದ ಮತಾಚಾರಗಳಿಂದ ಮಗುವನ್ನು ದೂರವಿಡಬೇಕೆಂದು ತಾವಾಗಿಯೇ ಹುಕುಮು ಬರೆದರು. ಮನೆಯ ಒಳಗೆ ತಾಯಿಯು ದೇವಿಯೆಂದು ಪೂಜೆಗೊಂಡರೇನು, ತನ್ನ ಮಗುವಿಗೆ ತನ್ನ ದೇವರನ್ನು ತೋರಿಸುವ ಹಕ್ಕನ್ನು ಒಂದು ಹಾಳೆ ಕಾಗದವು ಕಿತ್ತುಕೊಳ್ಳಬಲ್ಲದು. ಅಪೀಲಿನಲ್ಲಿ ಆ ಹುಕುಮು ರದ್ದಾಯಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ಜನರ ಮನಸ್ಸನ್ನು ಕಲಕಿದ್ದು ನೆವಾಡಾ ಸಂಸ್ಥಾನದ ಒಬ್ಬ ವಿಧವೆಯ ಪ್ರಕರಣ. ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೂವರ್ಟ್ ಎಂಬವನು 2005ರ ಸೆಪ್ಟೆಂಬರಿನಲ್ಲಿ ಅಫಘಾನಿಸ್ತಾನದಲ್ಲಿ, ಅವನಿದ್ದ ಹೆಲಿಕಾಪ್ಟರು ಬಿದ್ದು ಮಡಿದನು. ಅವನೂ ಅವನ ಹೆಂಡತಿ ರಾಬರ್ಟಳೂ ವಿಕ್ಕಾದವರು. ಮಡಿದ ಸೈನಿಕರ ಸ್ಮಾರಕದ ಮೇಲೆ ಅವರವರ ಮತದ ಚಿಹ್ನೆಯನ್ನು ಸರಕಾರದ ಖರ್ಚಿನಿಂದ ಕೆತ್ತಿಸುವದು ಅಲ್ಲಿಯ ಪದ್ಧತಿ. ಸರಕಾರದ ಯಾದಿಯಲ್ಲಿ ಹತ್ತಾರು ಚಿಹ್ನೆಗಳಿದ್ದವು. ನಾಸ್ತಿಕರಿಗೂ ಒಂದು ಚಿಹ್ನೆ ಇದ್ದಿತು. ವಿಕ್ಕಾದ ವರ್ತುಲದೊಳಗಿನ ಐದು ಮೊನೆಯ ನಕ್ಷತ್ರ ಮಾತ್ರ ಇರಲಿಲ್ಲ. ಅದಕ್ಕಾಗಿ ವಿಕ್ಕಾದವರು ಸುಮಾರು ಹತ್ತು ವರ್ಷಗಳಿಂದ ಅರ್ಜಿ ಹಾಕುತ್ತಿದ್ದರು. ಖಾತೆಯವರು ಆಗದೆಂದೂ ಹೇಳಲಿಲ್ಲ, ಆಗುವದೆಂದೂ ಹೇಳಲಿಲ್ಲ, ಕಡತವನ್ನು ಮಲಗಿಸಿಟ್ಟರು. ಅಧಿಕಾರಿಗಳಾದ ನಮ್ಮ ವಾಚಕರಿಗೆ ಈ ಕಲೆಯ ಪರಿಚಯವಿದ್ದೀತು. ಫರ್ನ್‌ಲೀ ಊರಿನ ಸ್ಮಾರಕದ ಗೋಡೆಯ ಮೇಲೆ ಉಳಿದ ಸೈನಿಕರ ಹೆಸರುಗಳು ಏರಿದವು, ಸ್ಟೂವರ್ಟನ ಸ್ಥಳವು ಬರಿದಾಗಿಯೇ ಉಳಿಯಿತು.

ರಾಬರ್ಟಳು ಚಿಹ್ನೆಯಿಲ್ಲದ ಫಲಕವನ್ನು ಒಪ್ಪಲಿಲ್ಲ. 2006ರ ಹುತಾತ್ಮ ಸೈನಿಕರ ದಿನದಂದು ಸರಕಾರದ ಸಮಾರಂಭವನ್ನು ಬಿಟ್ಟು ತಾನೇ ಬೇರೆ ಸಭೆ ನಡೆಸಿದಳು. ವರ್ಷ ಮುಗಿಯುವಷ್ಟರಲ್ಲಿ ನೆವಾಡಾ ಸಂಸ್ಥಾನದ ಸರಕಾರವು ಕೇಂದ್ರದ ದಾರಿ ಕಾಯದೆ ನಕ್ಷತ್ರವಿರುವ ಫಲಕವನ್ನು ಹಾಕಿಸಿತು. ಅಷ್ಟಕ್ಕೆ ಅವಳು ಸುಮ್ಮನಾಗಬಹುದಿತ್ತು. ಸುಮ್ಮನಾಗದೆ, ಬೇರೆ ಕುಟುಂಬಗಳವರೊಡನೆ ಸೇರಿ ಕೇಂದ್ರ ಸರಕಾರದ ಮೇಲೆ ದಾವೆ ಹೂಡಿದಳು. 2007ರ ಏಪ್ರಿಲ್ 23ರಂದು ಸರಕಾರವು ರಾಜಿಗೆ ಬಂದು ನಕ್ಷತ್ರವನ್ನು ಯಾದಿಯಲ್ಲಿ ಸೇರಿಸಿತು. ಈ ವಿಧವೆಯು ತಾಯಿತನದ ಹೆಸರಿನಿಂದಾಗಲಿ ದೇವಿಯ ಅಂಶವೆಂಬ ಹೆಸರಿನಿಂದಾಗಲಿ ಏನನ್ನೂ ಬೇಡಲಿಲ್ಲ. ತೆರಿಗೆ ತೆರುವ, ಗಂಡನನ್ನು ದೇಶಕ್ಕೆ ಕೊಟ್ಟ ಪ್ರಜೆಯೆಂದು ಕೇಳಿದಳು.

ಕೊನೆಗೆ ಯುರೋಪಿನ ಇನ್ನೊಂದು ತುದಿಗೆ ಹೋಗೋಣ. ಅಮೇರಿಕೆಯ ದೇವೀಭಕ್ತರಿಗೆ ಶಾಸ್ತ್ರಾಧಾರವನ್ನು ಒದಗಿಸಿದವಳು ಅಲ್ಲಿಂದಲೇ ಬಂದವಳು. ಮಾರಿಯಾ ಗಿಂಬುಟಾಸ್ (1921-1994) ಲಿಥುವೇನಿಯಾದ ವಿಲ್ನಿಯಸಿನಲ್ಲಿ ಹುಟ್ಟಿ, 1944ರಲ್ಲಿ ಹಸುಗೂಸನ್ನು ಎತ್ತಿಕೊಂಡು ದೇಶ ಬಿಟ್ಟು, ಯುದ್ಧದ ಧ್ವಂಸದ ನಡುವೆ ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಲೇ ಲಾಸ್ ಎಂಜಲೀಸಿನಲ್ಲಿ ಪ್ರಾಚೀನ ವಸ್ತುಶಾಸ್ತ್ರದ ಪ್ರಾಧ್ಯಾಪಕಿಯಾದಳು. ಕುದುರೆಯೇರಿದ ಜನರು ಪೂರ್ವದ ಹುಲ್ಲುಗಾವಲುಗಳಿಂದ ನುಗ್ಗುವ ಮೊದಲು ಯುರೋಪಿನಲ್ಲಿ ದೇವಿಯನ್ನು ಪೂಜಿಸುವ, ಹೆಂಗಸಿಗೆ ಮಾನ್ಯತೆಯಿರುವ, ಶಾಂತವಾದ ಸಮಾಜವಿದ್ದಿತೆಂದು ಅವಳ ಸಿದ್ಧಾಂತ. ನುಗ್ಗಿಬಂದವರ ವಿಷಯದಲ್ಲಿ ಅವಳ ಮಾತಿಗೆ 2015ರ ನಂತರ ಆನುವಂಶಿಕ ಪರೀಕ್ಷೆಗಳ ಬೆಂಬಲ ದೊರೆಯಿತು. ಮೊದಲಿದ್ದವರ ಶಾಂತಿಯ ವಿಷಯದಲ್ಲಿ, ಮಣ್ಣಿನ ಗೊಂಬೆಗಳಿಂದ ರಾಜ್ಯವ್ಯವಸ್ಥೆಯನ್ನು ಊಹಿಸಲಾಗದೆಂದು ಬಹುಮಂದಿ ವಿದ್ವಾಂಸರು ಒಪ್ಪದೆ ಉಳಿದಿದ್ದಾರೆ. ಹಿಂದೆ ಸ್ತ್ರೀರಾಜ್ಯವಿದ್ದಿತೆಂದು ರುಜುವಾತಾದರೆ ಮಾತ್ರ ಇಂದು ಹೆಂಗಸಿಗೆ ಹಕ್ಕು ಸಲ್ಲುವದೋ? ಇಲ್ಲವೆಂದು ರುಜುವಾತಾದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವರೋ? ಈ ವಾದಕ್ಕೆ ಜೋತುಬಿದ್ದವರು ಇದನ್ನು ಯೋಚಿಸಿದಂತೆ ಕಾಣುವದಿಲ್ಲ.

ಅವಳ ತಾಯ್ನಾಡು 1387ರ ವರೆಗೆ ಹಳೆಯ ದೇವತೆಗಳನ್ನು ಬಿಡದ ನಾಡು. ಅಲ್ಲಿ ಭೂಮಿಯು ಜೆಮಿನಾ ಎಂಬ ತಾಯಿ; ಒಲೆಯ ಬೆಂಕಿಯು ಗಾಬಿಯಾ ಎಂಬ ದೇವಿ. ರಾತ್ರಿ ಮಲಗುವ ಮೊದಲು ಮನೆಯ ಗೃಹಿಣಿಯು ಕೆಂಡಗಳನ್ನು ಬೂದಿಯಿಂದ ಮುಚ್ಚಿ, ಮಲಗು ತಾಯೇ ಎಂದು ದೇವಿಯನ್ನು ಬೇಡಿಕೊಳ್ಳುವದು ಹಳ್ಳಿಗಳ ವಾಡಿಕೆಯಾಗಿದ್ದಿತು. ಯೋನಸ್ ಟ್ರಿಂಕೂನಸ್ (1939-2014) ಎಂಬ ವಿದ್ವಾಂಸನು ಸೋವಿಯತ್ ಆಳ್ವಿಕೆಯಲ್ಲಿ, 1967ರಲ್ಲಿ, ನಡುಬೇಸಗೆಯ ಹಬ್ಬವನ್ನು ಮತ್ತೆ ಆಚರಣೆಗೆ ತಂದು, 1973ರಲ್ಲಿ ವಿಶ್ವವಿದ್ಯಾಲಯದ ಕೆಲಸವನ್ನು ಕಳೆದುಕೊಂಡನು. ದೇಶ ಸ್ವತಂತ್ರವಾದ ಮೇಲೆ 1992ರಲ್ಲಿ ರೊಮುವಾ ಎಂಬ ಧಾರ್ಮಿಕ ಸಂಸ್ಥೆಯು ನೋಂದಣಿಯಾಯಿತು. ಅವನು ತೀರಿಹೋದ ಮೇಲೆ ಕ್ರಿವೆ ಎಂಬ ಪ್ರಧಾನ ಆಚಾರ್ಯ ಪದವಿಗೆ ಅವನ ಹೆಂಡತಿ, ಸಮಾಜಶಾಸ್ತ್ರಜ್ಞೆ ಇನಿಯಾ ಟ್ರಿಂಕೂನಿಯೆನೆ ಆರಿಸಿಬಂದು, 2015ರಲ್ಲಿ ವಿಲ್ನಿಯಸಿನ ಗೆಡಿಮಿನಾಸ್ ಗುಡ್ಡದ ಮೇಲೆ ದೀಕ್ಷೆ ಪಡೆದಳು. ಆ ಪೀಠದ ಮೇಲೆ ಹೆಂಗಸು ಕುಳಿತದ್ದು ಅದೇ ಮೊದಲು. ಒಲೆಯ ಬೆಂಕಿಯನ್ನು ಕಾಯುವ ಕೆಲಸವು ಮೊದಲಿನಿಂದಲೂ ಅವಳದೇ; ಗುಡ್ಡದ ಮೇಲಿನ, ಊರೆಲ್ಲಕ್ಕೆ ಕಾಣುವ ಬೆಂಕಿಯು ಅವಳ ಕೈಗೆ ಬಂದದ್ದು ಈಗ.

ಲಿಥುವೇನಿಯಾದ ಕಾನೂನಿನಂತೆ ನೋಂದಣಿಯಾಗಿ 25 ವರ್ಷ ಕಳೆದ ಧಾರ್ಮಿಕ ಸಂಸ್ಥೆಯು ರಾಜ್ಯದ ಮನ್ನಣೆಯನ್ನು ಕೇಳಬಹುದು. ರೊಮುವಾ 2017ರಲ್ಲಿ ಕೇಳಿತು. 2019ರಲ್ಲಿ ಸಂಸತ್ತು ನಿರಾಕರಿಸಿತು. ಟ್ರಿಂಕೂನಿಯೆನೆಯ ಸಂಸ್ಥೆಯು ಯುರೋಪಿನ ಮಾನವಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2021ರ ಜೂನ್ 8ರಂದು ನ್ಯಾಯಾಲಯವು, ಈ ನಿರಾಕರಣೆಗೆ ಯೋಗ್ಯ ಕಾರಣವಿಲ್ಲವೆಂದೂ ಮತಭೇದದಿಂದ ತಾರತಮ್ಯ ಮಾಡಿದಂತಾಯಿತೆಂದೂ ತೀರ್ಪು ಕೊಟ್ಟಿತು. ತೀರ್ಪು ಬಂದ ಮೇಲೆಯೂ ಸಂಸತ್ತು ಅವಸರ ಮಾಡಲಿಲ್ಲ. 2024ರ ಡಿಸೆಂಬರಿನಲ್ಲಿ ಠರಾವು ಮಂಜೂರಾಯಿತು. ಕ್ರಿವೆಯ ಮುಂದೆ, ಗಾಬಿಯಾದೇವಿಯ ಸಾಕ್ಷಿಯಾಗಿ ಆದ ಮದುವೆಯು ಆ ಠರಾವಿನ ಮೇರೆಗೆ ಕಾಯಿದೆಯಲ್ಲಿಯೂ ಮದುವೆಯಾಗುವದು.